ಉಸಿರಿನ ಅಳತೆ

ಹೋದ ವರ್ಷ ದೀಪಾವಳಿ ಮುಗಿದ ವಾರ ಊರಿಗೆ ಹೋಗಿದ್ದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆಗ ಅಡಿಕೆ ಸುಲಿಯುವ ಕೆಲಸ ಶುರುವಾಗಿತ್ತು. ರಾತ್ರಿ ಊಟವಾದ ಮೇಲೆ ಅಮ್ಮನೂ ಪಕ್ಕದ ಮನೆಯ ಇಬ್ಬರು ಹೆಂಗಸರೂ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರೆ. ಹತ್ತು ಗಂಟೆಗೆ ಅವರಿಬ್ಬರೂ ಡಬ್ಬದ ಲೆಕ್ಕ ಹೇಳಿ ಎದ್ದು ಹೋದರು. ಅಮ್ಮ ಮಾತ್ರ ಉಳಿದದ್ದನ್ನು ಮುಗಿಸಿಬಿಡುತ್ತೇನೆಂದು ಕೂತಳು. ನಾನು ಹತ್ತಿರ ಕೂತು ಸಿಪ್ಪೆ ಬುಟ್ಟಿಗೆ ತುಂಬುತ್ತಿದ್ದೆ.

"ಐದು ವರ್ಷ ಆಯ್ತಲ್ಲೇ, ಅಲ್ಲಿ ಎಂತ ಓದ್ತಿದ್ದೀಯ ಅಂತ ಸರಿಯಾಗಿ ಒಂದಿನನೂ ಹೇಳಲಿಲ್ಲ ನೀನು" ಎಂದಳು.

ಈ ಪ್ರಶ್ನೆಗೆ ನನ್ನ ಹತ್ತಿರ ಒಂದು ಸಿದ್ಧ ಉತ್ತರವಿತ್ತು. "ಮೀನಿನ ಮೇಲೆ" ಅನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆ ರಾತ್ರಿ ಏನನ್ನಿಸಿತೋ, ಇದ್ದದ್ದನ್ನು ಹೇಳಿಬಿಟ್ಟೆ. "ಮಿದುಳಲ್ಲಿ ರಕ್ತನಾಳ ಹ್ಯಾಗೆ ಬೆಳೀತದೆ ಅಂತ ಅಮ್ಮ. ರಕ್ತದ ಹರಿವು ಹೆಚ್ಚುಕಮ್ಮಿ ಆದರೆ, ಆಮ್ಲಜನಕ ಹೆಚ್ಚುಕಮ್ಮಿ ಆದರೆ ಎಂತ ಆಗ್ತದೆ ಅಂತ ನೋಡ್ತೀವಿ."

ಅವಳ ಕೈ ನಿಂತಿತು. ಅಡಿಕೆ ಸುಲಿಯುವವರ ಕೈ ನಿಲ್ಲುವುದು ಎದ್ದಾಗ ಮಾತ್ರ. ಅವಳು ಎದ್ದಿರಲಿಲ್ಲ.

"ಹಂಗಾದ್ರೆ ನೀನೇ ಹೇಳೆ. ಅವತ್ತು ನಾನು ಆಕ್ಸಿಜನ್ ಕಮ್ಮಿ ಮಾಡ್ಬೇಡಿ ಅಂದಿದ್ದಕ್ಕೇ ಅಲ್ವೇನೆ ಅವನ ಕಣ್ಣು ಹೋಗಿದ್ದು?"

ನಾನು ಉತ್ತರಿಸಲಿಲ್ಲ. "ನಾಳೆ ಹೇಳ್ತೀನಿ, ನಿದ್ದೆ ಬರ್ತಿದೆ" ಎಂದು ಎದ್ದೆ. ನಿದ್ದೆ ಬರಲಿಲ್ಲ.

*

ನನ್ನ ತಮ್ಮ ಹುಟ್ಟಿದ್ದು 2001ರ ಆಗಸ್ಟ್‌ನಲ್ಲಿ, ಏಳು ತಿಂಗಳು ತುಂಬುವ ಮೊದಲೇ. ಆಸ್ಪತ್ರೆಯ ಚೀಟಿಯಲ್ಲಿ 29 ವಾರ ಎಂದಿದೆ. ತೂಕ ಒಂದು ಕೆಜಿ ನೂರೈವತ್ತು ಗ್ರಾಂ. ನನಗಾಗ ನಾಲ್ಕು ವರ್ಷ. ಅಪ್ಪಯ್ಯನ ಹೆಗಲ ಮೇಲೆ ಕೂತು, ಗಾಜಿನಾಚೆ ಒಂದು ಪಾರದರ್ಶಕ ಡಬ್ಬದೊಳಗೆ ಕೆಂಪಗೆ ಏನೋ ಅಲುಗಾಡಿದ್ದನ್ನು ಕಂಡ ನೆನಪಿದೆ. ಐದು ವಾರ ಅವನನ್ನು ಅಲ್ಲೇ ಇಟ್ಟುಕೊಂಡಿದ್ದರು. ಹತ್ತನೆಯದೋ ಹನ್ನೊಂದನೆಯದೋ ರಾತ್ರಿ ನರ್ಸ್ ಬಂದು, "ಆಕ್ಸಿಜನ್ ಸ್ವಲ್ಪ ಕಮ್ಮಿ ಮಾಡಿ ನೋಡ್ತೀವಿ" ಎಂದಳಂತೆ. ಹಿಂದಿನ ದಿನವಷ್ಟೇ ಮಗು ಎರಡು ಸಲ ಉಸಿರು ನಿಲ್ಲಿಸಿ ನೀಲಿಗಟ್ಟಿದ್ದನ್ನು ಅಮ್ಮ ನೋಡಿದ್ದಳು. "ಕೈ ಮುಗೀತೀನಿ, ಕಮ್ಮಿ ಮಾಡ್ಬೇಡಿ" ಎಂದು ಅತ್ತಳಂತೆ. ಆ ರಾತ್ರಿ ಕಮ್ಮಿ ಮಾಡಲಿಲ್ಲ.

ಮಗು ಬದುಕಿತು. ಸೆಪ್ಟೆಂಬರ್‌ನಲ್ಲಿ ಮನೆಗೆ ಬಂತು. ಆ ವರ್ಷದ ದೀಪಾವಳಿಗೆ ಅವನನ್ನು ಸಾಲುದೀಪದ ಮುಂದೆ ಎತ್ತಿಕೊಂಡು ನಿಂತರೆ ಅವನು ದೀಪ ನೋಡಲಿಲ್ಲ. ತಿಂಗಳು ತುಂಬದೆ ಹುಟ್ಟಿದ ಕೂಸು, ಎಲ್ಲವೂ ನಿಧಾನ ಎಂದರು ಹಿರಿಯರು. ಸಂಕ್ರಾಂತಿಯ ಹೊತ್ತಿಗೆ ಅಮ್ಮನಿಗೆ ಅನುಮಾನ ಗಟ್ಟಿಯಾಯಿತು. ಬೆಂಗಳೂರಿಗೆ ಕರೆದುಕೊಂಡು ಬಂದರು. ಎರಡೂ ಕಣ್ಣಿನ ಅಕ್ಷಿಪಟಲ ಕಳಚಿಕೊಂಡಿದೆ, ತಡವಾಯಿತು ಎಂದರು ವೈದ್ಯರು. "ಆಕ್ಸಿಜನ್ ಎಷ್ಟು ದಿನ ಕೊಟ್ಟಿದ್ದರು?" ಎಂದು ಅವರು ಕೇಳಿದ ಒಂದು ಪ್ರಶ್ನೆ ಅಮ್ಮನ ಮನಸ್ಸಿನಲ್ಲಿ ಇಪ್ಪತ್ತಮೂರು ವರ್ಷ ಕೂತಿತ್ತು. ನನಗದು ಗೊತ್ತೇ ಇರಲಿಲ್ಲ.

ಗೊತ್ತಿರಲಿಲ್ಲ ಅನ್ನುವುದು ಪೂರ್ತಿ ನಿಜವೂ ಅಲ್ಲ. ಪಿಎಚ್‌ಡಿ ಸಂದರ್ಶನದಲ್ಲಿ ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಿದಾಗ, ಮಿದುಳಿನ ಬಗ್ಗೆ ಮೊದಲಿನಿಂದಲೂ ಕುತೂಹಲ ಎಂದಿದ್ದೆ. ತಮ್ಮನ ಹೆಸರು ಎತ್ತಿರಲಿಲ್ಲ. ಅಕ್ಷಿಪಟಲ ಕಣ್ಣಿನೊಳಗೆ ಇದ್ದರೂ ಹುಟ್ಟಿನಿಂದ ಅದು ಮಿದುಳಿನದೇ ತುಂಡು. ಭ್ರೂಣದ ಮಿದುಳಿನ ಗೋಡೆ ಹೊರಕ್ಕೆ ಉಬ್ಬಿ ಬಟ್ಟಲಿನಂತಾಗಿ ಅಕ್ಷಿಪಟಲವಾಗುತ್ತದೆ. ಅದರ ರಕ್ತನಾಳಗಳೂ ಮಿದುಳಿನ ರಕ್ತನಾಳಗಳ ಹಾಗೆಯೇ ಬಿಗಿಯಾದವು, ರಕ್ತದಲ್ಲಿರುವುದನ್ನೆಲ್ಲ ಒಳಗೆ ಬಿಟ್ಟುಕೊಳ್ಳದಂಥವು. ನಾನು ಕಣ್ಣನ್ನು ಬಿಟ್ಟು ಮಿದುಳನ್ನು ಹಿಡಿದೆ. ಮನೆಯಿಂದ ಒಂದು ಕೋಣೆ ಆಚೆ ನಿಂತುಕೊಂಡ ಹಾಗೆ.

*

ಮಿದುಳಿನ ತೂಕ ನಮ್ಮ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಬಳಸುವ ಆಮ್ಲಜನಕ ನೂರಕ್ಕೆ ಇಪ್ಪತ್ತು ಪಾಲು. ಉಳಿತಾಯ ಮಾಡಿಟ್ಟುಕೊಳ್ಳುವ ವ್ಯವಸ್ಥೆ ಅದಕ್ಕಿಲ್ಲ. ಹಾಗಾಗಿ ಅದರೊಳಗಿನ ಲೋಮನಾಳಗಳನ್ನು ಒಂದಕ್ಕೊಂದು ಜೋಡಿಸಿದರೆ ಅಂದಾಜು 600 ಕಿಲೋಮೀಟರ್ ಆಗುತ್ತದೆ ಅನ್ನುತ್ತಾರೆ. ಸೋಜಿಗವೆಂದರೆ, ಶುರುವಿನಲ್ಲಿ ಮಿದುಳಿನೊಳಗೆ ಒಂದು ರಕ್ತನಾಳವೂ ಇರುವುದಿಲ್ಲ. ಎಲ್ಲವೂ ಹೊರಗಿನಿಂದ ಬರಬೇಕು. ಎಳೆಯ ಮಿದುಳನ್ನು ಸುತ್ತಿಕೊಂಡ ನಾಳಗಳ ಬಲೆಯಿಂದ ಮೊಳಕೆಗಳು ಒಡೆದು ಒಳಕ್ಕೆ ತೂರುತ್ತವೆ. ಯಾವ ಕಡೆ ಹೋಗಬೇಕು, ಎಲ್ಲಿ ಕವಲೊಡೆಯಬೇಕು, ಯಾವ ಕವಲು ಉಳಿಯಬೇಕು ಅನ್ನುವ ನಕ್ಷೆ ಯಾರ ಹತ್ತಿರವೂ ಇಲ್ಲ. ಸುತ್ತಲಿನ ರಾಸಾಯನಿಕಗಳೂ ಭೌತಿಕ ಒತ್ತಡಗಳೂ ಕ್ಷಣಕ್ಷಣಕ್ಕೆ ಹೇಳಿದ್ದನ್ನು ಕೇಳಿಕೊಂಡು ಅವು ಬೆಳೆಯುತ್ತವೆ.

ಮೊದಲು ರಸಾಯನದ ಮಾತು. ನಮ್ಮ ಜೀವಕೋಶಗಳಲ್ಲಿ ಹಿಫ್ ಎಂಬ ಪ್ರೋಟೀನು ಸದಾ ತಯಾರಾಗುತ್ತಿರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ, ಆ ಆಮ್ಲಜನಕವೇ ಅದರ ಮೇಲೊಂದು ಗುರುತು ಹಾಕಿಸುತ್ತದೆ. ಗುರುತು ಬಿದ್ದ ಹಿಫ್ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಆಮ್ಲಜನಕ ಕಡಿಮೆಯಾದರೆ ಗುರುತು ಬೀಳದು, ಹಿಫ್ ಉಳಿಯುತ್ತದೆ, ಉಳಿದು ವಿಇಜಿಎಫ್ ಎಂಬ ಇನ್ನೊಂದು ಪ್ರೋಟೀನನ್ನು ಮಾಡಿಸುತ್ತದೆ. ವಿಇಜಿಎಫ್ ಹೊರಗೆ ಹರಡಿ, ಹತ್ತಿರದ ರಕ್ತನಾಳಕ್ಕೆ "ಇತ್ತ ಬಾ" ಎಂದು ಹೇಳುತ್ತದೆ. ಹಸಿದ ಕಡೆಗೆ ನಾಳ ಬೆಳೆಯುತ್ತದೆ. ಹಸಿವು ತೀರಿದರೆ ನಿಲ್ಲುತ್ತದೆ. ಜೀವಕೋಶಗಳು ಆಮ್ಲಜನಕವನ್ನು ಹೀಗೆ ಅಳೆಯುವ ಬಗೆಯನ್ನು ಕಂಡುಕೊಂಡಿದ್ದಕ್ಕೆ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆನ್ಜಾ ಅವರಿಗೆ 2019ರ ನೊಬೆಲ್ ಬಂತು. ಮಿದುಳಿಗೆ ಮಾತ್ರ ಇದಷ್ಟೇ ಸಾಲದು. ಅಲ್ಲಿಯ ನರಕೋಶಗಳ ಪೂರ್ವಜರು ಡಬ್ಲ್ಯುಎನ್‌ಟಿ ಎಂಬ ಗುಂಪಿನ ಇನ್ನೆರಡು ಸಂಕೇತಗಳನ್ನೂ ಕಳಿಸಬೇಕು. ಅವಿಲ್ಲದ ಇಲಿಯ ಭ್ರೂಣಗಳಲ್ಲಿ ಬೇರೆಲ್ಲ ಕಡೆ ನಾಳಗಳು ಬೆಳೆದರೂ ಮಿದುಳಿನೊಳಗೆ ಸರಿಯಾಗಿ ಹೋಗುವುದಿಲ್ಲವೆಂದು 2008ರಲ್ಲಿ ತಿಳಿಯಿತು.

ಇನ್ನು ಹರಿವಿನ ಮಾತು. ಇದನ್ನು ನೋಡಲು ನಾವು ಜೀಬ್ರಾಮೀನಿನ ಮರಿಗಳನ್ನು ಇಟ್ಟುಕೊಳ್ಳುತ್ತೇವೆ. ಭಾರತದ ಹಳ್ಳತೊರೆಗಳದೇ ಮೀನು, ಕಿರುಬೆರಳಿನಷ್ಟೂ ಇಲ್ಲ, ಮೈಮೇಲೆ ನೀಲಿ ಪಟ್ಟೆ. ಮರಿ ಗಾಜಿನ ಹಾಗೆ ಪಾರದರ್ಶಕ. ರಕ್ತನಾಳ ಮಾತ್ರ ಹಸಿರಾಗಿ ಹೊಳೆಯುವಂತೆ ಮಾಡಿದ ತಳಿಯ ಮರಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕೂತರೆ, ಎರಡನೆಯ ದಿನಕ್ಕೆ ಮಿದುಳಿನೊಳಕ್ಕೆ ಹಸಿರು ಮೊಳಕೆ ತೂರುವುದನ್ನು ಕಣ್ಣಾರೆ ನೋಡಬಹುದು. ನೆಲಮಾಳಿಗೆಯ ಕತ್ತಲ ಕೋಣೆಯಲ್ಲಿ ಹಾಗೆ ಕೂತು ಎಷ್ಟೋ ರಾತ್ರಿ ಬೆಳಗು ಮಾಡಿದ್ದೇನೆ.

ಮೊದಲು ನಾಳಗಳು ಬೇಕಾದ್ದಕ್ಕಿಂತ ಹೆಚ್ಚು ಹುಟ್ಟುತ್ತವೆ. ಆಮೇಲೆ ಕೆಲವು ಮಾಯವಾಗುತ್ತವೆ. ಯಾವುವು ಮಾಯವಾಗುತ್ತವೆ ಎಂಬುದನ್ನು ಶಾಂಘೈನ ವಿಜ್ಞಾನಿಗಳು 2012ರಲ್ಲಿ ಇದೇ ಮೀನಿನ ಮರಿಯಲ್ಲಿ ತೋರಿಸಿಕೊಟ್ಟರು. ರಕ್ತದ ಹರಿವು ಕಡಿಮೆಯಿದ್ದ, ಸ್ಥಿರವಿಲ್ಲದ ನಾಳಗಳೇ ಕಳಚಿಕೊಳ್ಳುತ್ತವೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ತೋಟ. ಮಳೆಗಾಲ ಮುಗಿದ ಮೇಲೆ ಅಪ್ಪಯ್ಯ ಸಲಿಕೆ ಹಿಡಿದು ಕಾಲುವೆಗಳ ಉದ್ದಕ್ಕೂ ಹೋಗುತ್ತಾರೆ. ನೀರು ಜೋರಾಗಿ ಹರಿದ ಕಾಲುವೆಗೆ ಅವರು ಕೈ ಹಾಕುವುದೇ ಇಲ್ಲ, ಅದು ತನ್ನನ್ನು ತಾನೇ ತೊಳೆದುಕೊಂಡಿರುತ್ತದೆ. ಹರಿವು ಸೋತ ಕಾಲುವೆಯಲ್ಲಿ ಹೂಳು ಕೂತು, ಹುಲ್ಲು ಬೆಳೆದು, ಎರಡು ವರ್ಷ ಬಿಟ್ಟರೆ ಕಾಲುವೆ ಇತ್ತೆಂಬುದೇ ತಿಳಿಯುವುದಿಲ್ಲ. ರಕ್ತನಾಳದ ಒಳಗೋಡೆಯ ಕೋಶಗಳಿಗೆ ಹರಿವಿನ ಉಜ್ಜಾಟ ಗೊತ್ತಾಗುತ್ತದೆ. ಅವುಗಳ ಪೊರೆಯಲ್ಲಿ ಪೀಜೋ-1 ಎಂಬ ಸಣ್ಣ ಬಾಗಿಲಿದೆ, ಎಳೆತ ಬಿದ್ದರೆ ತೆರೆದುಕೊಳ್ಳುವಂಥದ್ದು. ಪೀಜೋಗಳನ್ನು ಪತ್ತೆಹಚ್ಚಿದ ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಹಂಚಿಕೊಂಡವರು.

ಮೀನಿನ ಮರಿಯಲ್ಲಿ ಇನ್ನೊಂದು ಅನುಕೂಲವಿದೆ. ಮೊದಲ ಕೆಲವು ದಿನ ಅದು ಚರ್ಮದ ಮೂಲಕವೇ ನೀರಿನಿಂದ ಆಮ್ಲಜನಕ ಪಡೆಯುತ್ತದೆ. ಹೃದಯ ಬಡಿಯದಿದ್ದರೂ ಆ ದಿನಗಳಲ್ಲಿ ಸಾಯುವುದಿಲ್ಲ. ಹಾಗಾಗಿ ಹರಿವನ್ನು ಬೇರೆಯಾಗಿ, ಆಮ್ಲಜನಕವನ್ನು ಬೇರೆಯಾಗಿ ಬದಲಾಯಿಸಿ, ಯಾವುದರಿಂದ ಏನಾಯಿತೆಂದು ಕೇಳಬಹುದು. ಒಂದು ತಟ್ಟೆಯಲ್ಲಿ ನಲವತ್ತು ಮರಿ, ಇನ್ನೊಂದು ತಟ್ಟೆಯಲ್ಲಿ ನಲವತ್ತು ಮರಿ, ಒಂದೇ ಒಂದು ವ್ಯತ್ಯಾಸ. ನಾನು ಐದು ವರ್ಷ ಕಲಿತದ್ದು ಈ ಒಂದೇ ಒಂದು ವ್ಯತ್ಯಾಸದ ಶಿಸ್ತನ್ನು.

ಅಮ್ಮನ ಪ್ರಶ್ನೆಗೆ ಆ ಎರಡನೆಯ ತಟ್ಟೆ ಇಲ್ಲ. ಆ ರಾತ್ರಿ ಆಮ್ಲಜನಕ ಕಮ್ಮಿ ಮಾಡಿಸಿಕೊಂಡ ಇನ್ನೊಬ್ಬ ತಮ್ಮ ನನಗಿಲ್ಲ.

*

ಆದರೂ ಹೇಳಬಹುದಾದದ್ದು ಕೆಲವಿದೆ. ಆ ರಾತ್ರಿ ಮಲಗಿಕೊಂಡು ಅದನ್ನೇ ಜೋಡಿಸಿದೆ.

ಗರ್ಭದಲ್ಲಿರುವ ಮಗುವಿನ ರಕ್ತದಲ್ಲಿ ಆಮ್ಲಜನಕದ ಒತ್ತಡ ನಮ್ಮದರ ಮೂರನೇ ಒಂದು ಭಾಗದಷ್ಟು. ಆ ಕೊರತೆಯೇ ರಕ್ತನಾಳ ಬೆಳೆಸುತ್ತದೆ. ಅಕ್ಷಿಪಟಲದಲ್ಲಿ ಅವು ಹದಿನಾರನೇ ವಾರದ ಸುಮಾರಿಗೆ ನಡುವಿನಿಂದ ಹೊರಟು, ಅಂಚು ಮುಟ್ಟುವಷ್ಟರಲ್ಲಿ ನಲವತ್ತು ವಾರವಾಗುತ್ತದೆ. 29ನೇ ವಾರಕ್ಕೆ ಹುಟ್ಟಿದರೆ ಅರ್ಧ ದಾರಿಯಲ್ಲಿರುತ್ತವೆ. ಹೊರಗಿನ ಗಾಳಿಯೇ ಅವಕ್ಕೆ ಹೆಚ್ಚು, ಅದರ ಮೇಲೆ ಸಿಲಿಂಡರಿನ ಆಮ್ಲಜನಕ. ಹಿಫ್ ನಾಶವಾಗುತ್ತದೆ, ವಿಇಜಿಎಫ್ ಇಳಿಯುತ್ತದೆ, ನಾಳಗಳು ನಿಲ್ಲುತ್ತವೆ, ಎಳೆಯವು ಒಣಗಿಹೋಗುತ್ತವೆ. ಇದು ಮೊದಲ ಹಂತ. ವಾರಗಳು ಕಳೆದು ಅಕ್ಷಿಪಟಲ ಬೆಳೆದಂತೆ, ನಾಳವಿಲ್ಲದ ಅಂಚು ಹಸಿಯುತ್ತದೆ. ಈಗ ವಿಇಜಿಎಫ್ ಉಕ್ಕುತ್ತದೆ. ಅಡ್ಡಾದಿಡ್ಡಿ ನಾಳಗಳು ಎದ್ದು, ಸೋರಿ, ಗಾಯದ ಕಲೆಯಂತೆ ಗಟ್ಟಿಯಾಗಿ, ಅಕ್ಷಿಪಟಲವನ್ನು ಹಿಡಿದು ಎಳೆಯುತ್ತವೆ. ಇದು ಎರಡನೆಯ ಹಂತ. ಅಕಾಲಿಕ ಶಿಶುಗಳ ಅಕ್ಷಿಪಟಲ ರೋಗ, ಆರ್‌ಒಪಿ ಎಂದು ವೈದ್ಯರು ಹೇಳುವುದು ಇದನ್ನೇ.

ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು ಬಾಸ್ಟನ್ನಿನ ಥಿಯೋಡರ್ ಟೆರ‍್ರಿ, 1942ರಲ್ಲಿ. ಆಮ್ಲಜನಕದ ಮೇಲೆ ಅನುಮಾನ ಬೀಳಲು ಒಂಬತ್ತು ವರ್ಷ ಬೇಕಾಯಿತು. 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆ ಅದನ್ನು ಬರೆದರು. ಆಮೇಲೆ ಎಲ್ಲ ಕಡೆ ಆಮ್ಲಜನಕವನ್ನು ಬಿಗಿಹಿಡಿದರು. ಕುರುಡು ಇಳಿಯಿತು. ಆದರೆ 1973ರಲ್ಲಿ ಕೆನೆತ್ ಕ್ರಾಸ್ ಎಂಬ ಬ್ರಿಟಿಷ್ ವೈದ್ಯರು ಹಳೆಯ ಲೆಕ್ಕ ತೆಗೆದು ನೋಡಿ ಬರೆದದ್ದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅವರ ಅಂದಾಜಿನಲ್ಲಿ, ಉಳಿಸಿದ ಒಬ್ಬೊಬ್ಬರ ದೃಷ್ಟಿಗೆ ಸುಮಾರು ಹದಿನಾರು ಮಕ್ಕಳ ಜೀವ ಹೋಗಿತ್ತು.

ಇಷ್ಟು ವರ್ಷಗಳ ನಂತರವೂ ಆ ತಕ್ಕಡಿ ಸಮವಾಗಿಲ್ಲ. 2010ರಲ್ಲಿ ಅಮೆರಿಕದ ದೊಡ್ಡದೊಂದು ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. 24ರಿಂದ 27 ವಾರಕ್ಕೆ ಹುಟ್ಟಿದ, ನನ್ನ ತಮ್ಮನಿಗಿಂತ ಎಳೆಯ ಶಿಶುಗಳು. ರಕ್ತದ ಆಮ್ಲಜನಕವನ್ನು ಒಂದು ಗುಂಪಿನಲ್ಲಿ 85ರಿಂದ 89 ಶೇಕಡಾ, ಇನ್ನೊಂದರಲ್ಲಿ 91ರಿಂದ 95 ಶೇಕಡಾ ಇರಿಸಲು ಯತ್ನಿಸಿದರು. ಕಡಿಮೆ ಆಮ್ಲಜನಕದ ಗುಂಪಿನಲ್ಲಿ ಬದುಕುಳಿದವರಲ್ಲಿ ತೀವ್ರ ಆರ್‌ಒಪಿ 8.6 ಶೇಕಡಾ, ಹೆಚ್ಚಿನ ಗುಂಪಿನಲ್ಲಿ 17.9. ಆದರೆ ಸಾವು ಕಡಿಮೆ ಗುಂಪಿನಲ್ಲಿ 19.9 ಶೇಕಡಾ, ಹೆಚ್ಚಿನದರಲ್ಲಿ 16.2. ಇಷ್ಟು ಉಪಕರಣ, ಇಷ್ಟು ಜನ, ಇಷ್ಟು ಎಚ್ಚರ ಇದ್ದಾಗಲೂ ಕಣ್ಣೋ ಜೀವವೋ ಎಂಬ ಪ್ರಶ್ನೆ ಉಳಿಯಿತು. 2001ರ ಮಳೆಗಾಲದಲ್ಲಿ, ಮಗುವಿನ ಕೈಗೋ ಕಾಲಿಗೋ ಅಳತೆಯ ಕ್ಲಿಪ್ಪು ಹಾಕಿದ್ದ ನೆನಪೇ ಇಲ್ಲದ ಕೋಣೆಯಲ್ಲಿ, ಅಮ್ಮ ಕಣ್ಣೆದುರಿಗೆ ಕಂಡ ನೀಲಿ ಬಣ್ಣವನ್ನು ನಂಬಿದಳು.

ಇನ್ನೂ ಒಂದು ಮಾತಿತ್ತು. ಅದು ಹೇಳಲು ಎಲ್ಲಕ್ಕಿಂತ ಕಷ್ಟ. ಎರಡನೆಯ ಹಂತ ನಡೆಯುವುದು ಹೆಚ್ಚಾಗಿ ಹುಟ್ಟಿದ ನಾಲ್ಕನೇ ವಾರದ ನಂತರ. ಆಗ ಕಣ್ಣಿನ ವೈದ್ಯರು ಒಳಗೆ ನೋಡಿದರೆ ಕಾಣುತ್ತದೆ, ಸಮಯಕ್ಕೆ ಚಿಕಿತ್ಸೆ ಕೊಟ್ಟರೆ ಬಹಳ ಮಕ್ಕಳ ದೃಷ್ಟಿ ಉಳಿಯುತ್ತದೆ. ತೀವ್ರ ಶೀತದಿಂದ ಆ ಅಂಚನ್ನು ಸುಡುವ ಕ್ರಯೋ ಚಿಕಿತ್ಸೆಯಿಂದ ಉಪಯೋಗವಿದೆ ಎಂದು 1988ರಲ್ಲೇ ಗೊತ್ತಾಗಿತ್ತು, ಆಮೇಲೆ ಲೇಸರ್ ಬಂತು. ನನ್ನ ತಮ್ಮನ ಆ ವಾರಗಳು ಆಸ್ಪತ್ರೆಯ ಕೊನೆಯ ದಿನಗಳಲ್ಲೂ ನಮ್ಮ ಮನೆಯ ತೊಟ್ಟಿಲಲ್ಲೂ ಕಳೆದವು. ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಉಳಿದುಕೊಂಡನಲ್ಲ ಎಂದು ನಾವೆಲ್ಲ ಸಂತೋಷಪಡುತ್ತಿದ್ದ ವಾರಗಳು. ಕಣ್ಣು ತೋರಿಸಿ ಎಂದು ಯಾರೂ ಹೇಳಲಿಲ್ಲ.

ಇದನ್ನು ಹೇಳಿದರೆ ಅಮ್ಮನ ಹೆಗಲಿನ ಭಾರ ಇಳಿಯುತ್ತದೋ, ಇನ್ನೊಂದು ಭಾರ ಏರುತ್ತದೋ?

*

ಮಾರನೆಯ ದಿನ ಶನಿವಾರ. ತಮ್ಮ ಮಧ್ಯಾಹ್ನದ ಬಸ್ಸಿಗೆ ಶಿವಮೊಗ್ಗದಿಂದ ಬಂದ. ಅಲ್ಲಿ ಬ್ಯಾಂಕಿನಲ್ಲಿ ಕೆಲಸ. ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ತಂತ್ರಾಂಶ ಅವನಿಗೆ ಎಷ್ಟು ವೇಗವಾಗಿ ಮಾತಾಡುತ್ತದೆಂದರೆ ನನಗೆ ಒಂದು ಪದವೂ ತಿಳಿಯುವುದಿಲ್ಲ. ಸಂಜೆ ತೋಟಕ್ಕೆ ಹೋಗುವಾಗ ಕೋಲು ಹಿಡಿದು ಅವನೇ ಮುಂದೆ ನಡೆದ. ಸಂಕದ ಹತ್ತಿರ ನಿಂತು, "ಅಕ್ಕ, ಕೆಳಗಿನ ಕಾಲುವೆ ಕಟ್ಟಿದೆ. ಅಪ್ಪಯ್ಯಂಗೆ ಹೇಳು" ಎಂದ. ನೀರಿನ ಸದ್ದು ಬದಲಾದದ್ದು ಅವನಿಗೆ ಕೇಳಿತ್ತು.

ಅಮ್ಮನ ಪ್ರಶ್ನೆಯನ್ನು ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅಮ್ಮ ನನ್ನ ಹತ್ರ ಯಾವತ್ತೂ ಕೇಳಿಲ್ಲ" ಎಂದ. ಆಮೇಲೆ, "ಇದ್ದಿದ್ದು ಇದ್ದಂಗೆ ಹೇಳು. ಸಮಾಧಾನ ಮಾಡೋಕೆ ಹೋಗ್ಬೇಡ, ಅವಳಿಗೆ ಗೊತ್ತಾಗ್ತದೆ. ನನಗೆ ಇಪ್ಪತ್ತನಾಲ್ಕು ವರ್ಷದಿಂದ ಎಲ್ಲರೂ ಸಮಾಧಾನ ಮಾಡ್ತಾನೇ ಇದ್ದಾರೆ, ಅದರ ದನಿಯೇ ಬೇರೆ" ಎಂದ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಮೀನಿನಿಂದ ಶುರು ಮಾಡಿದೆ, ಕಾಲುವೆಗೆ ಬಂದೆ. ಆಮ್ಲಜನಕದಿಂದ ನಾಳ ನಿಲ್ಲುವುದು ನಿಜ ಎಂದೆ. ಅಮ್ಮ ತಲೆ ಬಗ್ಗಿಸಿದಳು. ಆದರೆ ಐದು ವಾರದಲ್ಲಿ ಒಂದು ರಾತ್ರಿಯ ಮಾತಿನ ಪಾಲು ಎಷ್ಟೆಂದು ಯಾರೂ ಹೇಳಲಾರರು, ಅಳೆದವರೇ ಇಲ್ಲ ಎಂದೆ. ಕಮ್ಮಿ ಮಾಡಿದ್ದರೆ ಕಣ್ಣು ಉಳಿಯುತ್ತಿತ್ತೋ, ಇವನೇ ಹೋಗುತ್ತಿದ್ದನೋ ಅದನ್ನೂ ಹೇಳಲಾರರು ಎಂದೆ. ಹದಿನಾರರ ಲೆಕ್ಕ ಹೇಳಿದೆ. ಕೊನೆಗೆ, ಆ ನಾಲ್ಕನೇ ವಾರದ ಮಾತನ್ನೂ ಹೇಳಿದೆ.

ಅಮ್ಮ ಬಹಳ ಹೊತ್ತು ಏನೂ ಮಾತಾಡಲಿಲ್ಲ. "ನಮಗೆ ಯಾರೂ ಹೇಳಲಿಲ್ಲ ಮಾರಾಯ್ತಿ" ಎಂದಳು. ಅಷ್ಟೇ. ಅಪ್ಪಯ್ಯ ಎದ್ದು ಕೈ ತೊಳೆಯಲು ಹೋದವರು ತಡವಾಗಿ ಒಳಗೆ ಬಂದರು.

"ಅಕ್ಕಂಗೆ ಪಿಎಚ್‌ಡಿ ಬೇಕಿತ್ತು, ಅಮ್ಮಂಗೆ ಉತ್ತರ ಬೇಕಿತ್ತು, ನಂಗೆ ಇನ್ನೊಂದು ಸಲ ಸಾರು ಬೇಕು" ಎಂದ ತಮ್ಮ. ಅಮ್ಮ ಬಡಿಸಿದಳು.

ಅವಳು ಹಗುರಾದಳೆಂದು ನಾನು ಬರೆಯಲಾರೆ. ಮಲಗುವ ಮುನ್ನ ಅವಳು ಕೇಳಿದ ಪ್ರಶ್ನೆ ಬೇರೆ. "ಈಗ ಹೇಳ್ತಾರಾ?"

ಹೇಳುತ್ತಾರೆ, ಎಲ್ಲ ಕಡೆಯೂ ಅಲ್ಲ ಎಂದೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದವರು ಕಿಡ್‌ರಾಪ್ ಎಂಬ ಕಾರ್ಯಕ್ರಮ ಶುರು ಮಾಡಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ, ತಾಲ್ಲೂಕಿನ ಶಿಶು ಘಟಕಗಳಿಗೇ ಹೋಗಿ ಕೂಸಿನ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಲ್ಲಿ ಕೂತು ನೋಡುತ್ತಾರೆ. ನಿಯಮವೂ ಸರಳ. 34 ವಾರಕ್ಕಿಂತ ಮೊದಲು ಹುಟ್ಟಿದ, ಅಥವಾ ಎರಡು ಕೆಜಿಗಿಂತ ಕಡಿಮೆ ತೂಕವಿದ್ದ ಕೂಸಿನ ಕಣ್ಣನ್ನು ಮೂವತ್ತು ದಿನದೊಳಗೆ ತೋರಿಸಬೇಕು. ತೀರಾ ಎಳೆಯವಾದರೆ ಇನ್ನೂ ಬೇಗ. ಅಮ್ಮ ಅದನ್ನು ಎರಡು ಸಲ ಹೇಳಿಸಿಕೊಂಡಳು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಪ್ರಯೋಗಾಲಯದಲ್ಲಿ ಮೀನಿನ ಮೊಟ್ಟೆ ಆರಿಸುತ್ತಿದ್ದಾಗ ಅಮ್ಮನ ಫೋನ್ ಬಂತು. ಸಾಮಾನ್ಯವಾಗಿ ಅವಳು ಆ ಹೊತ್ತಿಗೆ ಮಾಡುವುದಿಲ್ಲ. ಅಡಿಕೆ ಸುಲಿಯಲು ಬರುವವಳ ಮಗಳಿಗೆ ಎಂಟರಲ್ಲೇ ಹೆರಿಗೆಯಾಗಿದೆ, ಕೂಸು ಒಂದು ಕೆಜಿ ಆರುನೂರು ಗ್ರಾಂ, ಪೆಟ್ಟಿಗೆಯಲ್ಲಿಟ್ಟಿದ್ದಾರೆ ಎಂದಳು. ಇವಳು ಬಸ್ಸು ಹತ್ತಿ ಆಸ್ಪತ್ರೆಗೇ ಹೋಗಿದ್ದಳು.

"ಹುಟ್ಟಿ ಹನ್ನೆರಡು ದಿನ ಆಗಿದೆ. ಮೂವತ್ತು ಆಗೋದ್ರೊಳಗೆ ಕಣ್ಣು ತೋರಿಸ್ಲೇಬೇಕು ಅಂತ ಬಾಣಂತಿಗೂ ಹೇಳಿದೀನಿ, ಡಾಕ್ಟ್ರಿಗೂ ಹೇಳಿದೀನಿ. ಅವರು ಹ್ಞೂಂ ಅಂದ್ರು, ಆದ್ರೂ ನಾನು ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಗುರುತು ಹಾಕಿ ಬಂದಿದೀನಿ" ಎಂದಳು. ಹಿಂದೆ ಯಾವುದೋ ಕೂಸು ಅಳುತ್ತಿತ್ತು, ಯಂತ್ರವೊಂದು ಕೀ ಕೀ ಎನ್ನುತ್ತಿತ್ತು.

"ಮೂವತ್ತೇ ಅಲ್ವೇನೆ ನೀನು ಹೇಳಿದ್ದು?"

"ಮೂವತ್ತೇ ಅಮ್ಮ" ಎಂದೆ.